ಲೈಲ್ ಬಾರದ ಫೈನಲ್

ಲೈಲ್ ಫೋನ್ ಎತ್ತಲಿಲ್ಲ. ಬ್ರಿಜೆಟ್ ಮತ್ತೆ ಒತ್ತಿದಳು. ರಿಂಗಾಗಿ ರಿಂಗಾಗಿ ತಾನಾಗಿಯೇ ನಿಂತಿತು.

"ಮಲಗಿರ್ತಾನೆ ಪುಣ್ಯಾತ್ಮ," ಎಂದಳು ಗೋಲ್‌ಕೀಪರ್ ಡೆಲೀನ್, ಎದೆಗವಚದ ಪಟ್ಟಿ ಬಿಗಿಯುತ್ತ. "ಶರತ್ಕಾಲದ ಮ್ಯಾಚಲ್ಲೂ ಹಿಂಗೇ ಕೈ ಕೊಟ್ಟಿದ್ದ. ಮತ್ತೆ ಅವನನ್ನೇ ಕರೆದ್ಯಲ್ಲೇ!"

"ಭಾನುವಾರ ಈ ಮೂಲೆಗೆ ಇನ್ಯಾರು ಬರ್ತಾರೆ, ನೀನೇ ಹೇಳು."

ಡೆಲೀನ್ ಇನ್ನೊಂದು ಪಟ್ಟಿಗೆ ಕೈ ಹಾಕಿದಳು. ಹೆಸರು ಹೇಳುವುದಕ್ಕೂ ಬೇರೆ ಯಾರೂ ಇರಲಿಲ್ಲ.

ಆಲ್ಡರ್ ಫಾಲ್ಸ್ ಕಾಲೇಜು ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ತನ್ನ ಹುಡುಗಿಯರ ಲಕ್ರಾಸ್ ಕ್ಲಬ್ಬಿಗೆ ಕೊಟ್ಟಿದ್ದು ಬರೀ ಮೈದಾನ. ಉಳಿದದ್ದೆಲ್ಲ ಹುಡುಗಿಯರೇ ನೋಡಿಕೊಳ್ಳಬೇಕು. ಕ್ಲಬ್ಬಿನ ಅಧ್ಯಕ್ಷೆ ಬ್ರಿಜೆಟ್ ಸೋಕೋಲ್ ವರ್ಷವರ್ಷವೂ ವಲಯದ ಚಾಂಪಿಯನ್‌ಶಿಪ್ ನಮ್ಮಲ್ಲೇ ಆಗಲಿ ಎಂದು ಬೇಡಿ, ಕೊನೆಗೆ ಓದು ಮುಗಿಯುವ ವರ್ಷ ಒಪ್ಪಿಸಿದ್ದಳು. ಶನಿವಾರ ಬೆಳಿಗ್ಗೆ ಏಪ್ರಿಲ್ ತಿಂಗಳ ಹಾಳು ಹಿಮವನ್ನು ತಂಡದವರೆಲ್ಲ ಪೊರಕೆ ಹಿಡಿದು ಗುಡಿಸಿ ಗೆರೆ ಹಾಕಿದ್ದರು. ಹಾಸ್ಟೆಲಿನ ಅಡುಗೆಮನೆಯಲ್ಲಿ ಆರು ತಂಡಗಳಿಗಾಗುವಷ್ಟು ಚಿಲ್ಲಿ ಎಂಬ ಮಾಂಸ-ಕಾಳಿನ ಗೊಜ್ಜು ಬೇಯಿಸಿದ್ದರು. ಅದೇ ಸಂಜೆ ಸೆಮಿಫೈನಲ್ ಗೆದ್ದು, ಕ್ಲಬ್ ಹುಟ್ಟಿದಾಗಿನಿಂದ ಮೊದಲ ಸಲ ಫೈನಲ್ ತಲುಪಿದ್ದರು.

ಆದರೆ ಪೆಟ್ಟಾದರೆ ನೋಡಿಕೊಳ್ಳುವ ಟ್ರೇನರ್ ಮೈದಾನದಲ್ಲಿ ಇಲ್ಲದಿದ್ದರೆ ರೆಫರಿ ಸೀಟಿ ಊದುವಂತಿಲ್ಲ. ಅವರನ್ನು ಕರೆಸುವುದು ಆತಿಥೇಯರ ಹೊಣೆ. ಕೊಟ್ಟ ಗಡುವಿನೊಳಗೆ ಬಾರದಿದ್ದರೆ ಆತಿಥೇಯರೇ ಸೋತಂತೆ. ನಿನ್ನೆಯೆಲ್ಲ ಇದ್ದ ಟ್ರೇನರ್ ಲೈಲ್ ಇವತ್ತು ಪತ್ತೆಯೇ ಇಲ್ಲ.

ಬ್ರಿಜೆಟ್ ಕಾಲೇಜಿನ ಆಸ್ಪತ್ರೆಗೆ ಓಡಿದಳು. ಬೀಗ. ಊರಿನ ಆಂಬುಲೆನ್ಸ್‌ನವರನ್ನಾದರೂ ತಂದು ನಿಲ್ಲಿಸೋಣವೆಂದು ಫೋನ್ ಮಾಡಿದಳು.

"ಗಾಡಿ ಹೊರಗೆ ಹೋಗಿದೆ ಕಣಮ್ಮ," ಎಂದಿತು ಆ ಕಡೆಯ ದನಿ. "ಯಾವಾಗ ಬರುತ್ತೋ ಗೊತ್ತಿಲ್ಲ."

ವಾಪಸ್ ಬಂದಾಗ ಫೈನಲ್‌ನ ಎದುರಾಳಿ ಹ್ಯಾಲಮ್ ತಂಡದ ಕೋಚ್ ಗ್ಯಾರೆಟ್ ಪೆಲ್ ಗೆರೆಯ ಪಕ್ಕದಲ್ಲಿ ಅತ್ತಿತ್ತ ಹೆಜ್ಜೆ ಹಾಕುತ್ತಿದ್ದ. ಕಿವಿಗೆ ಫೋನ್, ಕಣ್ಣು ಹೆದ್ದಾರಿಯಿಂದ ಒಳಬರುವ ರಸ್ತೆಯ ಮೇಲೆ. ಆ ಕಡೆ ಯಾರೂ ಎತ್ತಲಿಲ್ಲವೆಂದು ಕಾಣುತ್ತದೆ. ಫೋನನ್ನು ಸಿಡುಕಿನಿಂದ ಜೇಬಿಗೆ ತುರುಕಿದ. ವಲಯದ ಮುಖ್ಯಸ್ಥರಿಗೆ ದೂರು ಹೇಳಲು ಹೊರಟಿದ್ದಾನೆ, ಬ್ರಿಜೆಟ್ ಅಂದುಕೊಂಡಳು.

"ಇವತ್ತು ಯಾರಿಗೂ ಹೊತ್ತುಗೊತ್ತು ಅನ್ನೋದೇ ಇಲ್ವಲ್ಲ," ಎಂದ ಅವಳನ್ನು ಕಂಡು.

"ಕೋಚ್, ಇನ್ನು ಸ್ವಲ್ಪ ಹೊತ್ತು ಕಾಯೋಣ. ದಯವಿಟ್ಟು. ಅವರು ಬಂದೇ ಬರ್ತಾರೆ."

"ಬಂದೇ ಬರ್ತಾರೆ ಅಂತ ಬೆಳಿಗ್ಗೆಯಿಂದ ನಾನೂ ಅಂದ್ಕೊಳ್ತಾ ಇದ್ದೀನಿ. ನೋಡಮ್ಮ, ನಿಮ್ಮ ಕ್ಯಾಪ್ಟನ್ ಕಾಲು ಉಳುಕಿಸ್ಕೊಂಡಿದ್ದಾಳೆ. ಅವಳು ಸುಧಾರಿಸ್ಕೊಳ್ಳಲಿ ಅಂತ ನಾಟಕ ಆಡ್ತಿಲ್ಲ ತಾನೇ?"

ಬ್ರಿಜೆಟ್ ಕೈಯಲ್ಲಿದ್ದ ಫೋನ್ ಎತ್ತಿ ತೋರಿಸಿದಳು. "ನಾಟಕ ಆಡೋಕೆ ನಂಗೆ ಪುರುಸೊತ್ತಾದ್ರೂ ಎಲ್ಲಿದೆ, ಸರ್?"

ಅವನು ಒಂದು ಕ್ಷಣ ಮೆತ್ತಗಾದ. "ನಮ್ಮ ಬಸ್ ಡ್ರೈವರ್ ದಿನಕ್ಕೆ ಇಷ್ಟು ಗಂಟೆಗಿಂತ ಜಾಸ್ತಿ ಓಡಿಸೋ ಹಾಗಿಲ್ಲ. ಹುಡುಗೀರಿಗೆ ನಾಳೆ ಪರೀಕ್ಷೆ. ನನ್ನ ಕೈಯಲ್ಲೂ ಏನಿಲ್ಲ."

ಗಡುವು ಮುಗಿಯಿತು. ರೆಫರಿ, ಬಿಳಿಗೂದಲ ಹೆಂಗಸು, ಬ್ರಿಜೆಟ್‌ಳ ಭುಜ ಮುಟ್ಟಿ, "ಮಗೂ, ನಿಯಮ ಮುರಿಯೋ ಹಾಗಿಲ್ಲ," ಎಂದಳು. ಅಷ್ಟೇ. ಆಡದ ಆಟ ಸೋತಾಯಿತು. ಡೆಲೀನ್ ತನ್ನ ಬಲೆಗೋಲನ್ನು ಹುಲ್ಲಿಗೆ ಎಸೆದು ಅಲ್ಲೇ ಕುಕ್ಕರಿಸಿದಳು. ಮೂರು ಊರು ದಾಟಿ ಬಂದಿದ್ದ ಅಪ್ಪ ಅಮ್ಮಂದಿರು ಕಂಬಳಿ ಮಡಚತೊಡಗಿದರು. ಒಬ್ಬರೂ ಬ್ರಿಜೆಟ್‌ಳ ಮುಖ ನೋಡಲಿಲ್ಲ.

ಟ್ರೋಫಿ ಕೊಡಬೇಕಾದವಳೂ ಅವಳೇ, ಸಂಘಟಕಿಯಲ್ಲವೇ. ಮುಂದೆ ಹೋಗಿ ಚಾಚಿದಳು. ಪೆಲ್ ಅದನ್ನು ತೆಗೆದುಕೊಂಡ, ನಗಲಿಲ್ಲ.

"ನಂಗೂ ಹಿಂಗೆ ಬೇಕಾಗಿರ್ಲಿಲ್ಲ," ಎಂದ. "ಇದನ್ನ ಹಿಡ್ಕೊಂಡು ಮನೆಗೆ ಹೋದ್ರೆ ಬೈಸ್ಕೊಳ್ಳೋದು ಗ್ಯಾರಂಟಿ."

ಅವಳಿಗೆ ಅದು ಗಾಯದ ಮೇಲೆ ಎಳೆದ ಬರೆಯಂತೆ ಕೇಳಿಸಿತು.

ಹ್ಯಾಲಮ್‌ನವರು ಬಸ್ಸು ಹತ್ತಿದರು. ಡ್ರೈವರ್ ಇಂಜಿನ್ ಚಾಲೂ ಮಾಡಿದ. ಪೆಲ್ ಮಾತ್ರ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮತ್ತೆ ರಸ್ತೆ ನೋಡುತ್ತ ನಿಂತಿದ್ದ.

"ಇನ್ನೊಂದೇ ಒಂದು ನಿಮಿಷ ಇರಪ್ಪ," ಎಂದು ಡ್ರೈವರನನ್ನು ಬೇಡುತ್ತಿದ್ದುದು ಬ್ರಿಜೆಟ್‌ಗೆ ಸ್ಪಷ್ಟವಾಗಿ ಕೇಳಿಸಿತು.

ಒಂದು ನಿಮಿಷ! ಅವಳು ಕೇಳಿದಾಗ ಇರದ ನಿಮಿಷ ಈಗ ಎಲ್ಲಿಂದ ಬಂತು? ಕೂಗಿ ಹೇಳಬೇಕೆನಿಸಿತು. ಚಿಲ್ಲಿಯ ಪಾತ್ರೆಗಳ ಪಕ್ಕ ಕುಸಿದು ಕುಳಿತಳು.

ಫೋನ್ ಮೊಳಗಿತು. ಲೈಲ್.

"ಎಲ್ಲಿ ಸತ್ತಿದ್ದೆಯೋ ನೀನು?" ಎಂದು ಕಿರುಚಿದಳು. ಅಳು ಒತ್ತರಿಸಿ ಬಂತು. "ಎಲ್ಲಾ ಮುಗಿದುಹೋಯ್ತು, ಲೈಲ್! ಎಲ್ಲಾ!"

ಅವನು ಏದುಸಿರು ಬಿಡುತ್ತಿದ್ದ. "ಬೈಯಮ್ಮ, ಬೈಯಿ. ನೀನು ಫೋನ್ ಮಾಡ್ತಿದ್ದಿದ್ದು ಗೊತ್ತಾಗ್ತಿತ್ತು. ಫೋನ್ ಎತ್ತೋಕೆ ಕೈ ಎಲ್ಲಿತ್ತು? ಹೆದ್ದಾರೀಲಿ ಸೇತುವೆ ಹತ್ರ ಮಂಜುಗಡ್ಡೆ ಮೇಲೆ ಜಾರಿ ಒಂದು ಕಾರು ಮಗುಚಿ ಬಿದ್ದಿತ್ತು. ಒಳಗೆ ಒಬ್ಬ ಹೆಂಗಸು, ತೊಡೆಯಿಂದ ಬುಳುಬುಳು ಅಂತ ರಕ್ತ. ಎರಡೂ ಕೈಲಿ ಅದುಮಿ ಹಿಡ್ಕೊಂಡೇ ಇದ್ದೆ. ಒಂದು ಕೈ ತೆಗೆದಿದ್ರೂ ಹೋಗಿಬಿಡ್ತಿದ್ರು. ಅವರನ್ನ ಹೊರಗೆ ಎಳೆಯೋಕೇ ಆಂಬುಲೆನ್ಸ್‌ನವರಿಗೆ ಅಷ್ಟು ಹೊತ್ತಾಯ್ತು. ಈಗ ತಾನೇ ಕರ್ಕೊಂಡು ಹೋದ್ರು."

ಬ್ರಿಜೆಟ್ ಕಣ್ಣೊರೆಸಿಕೊಂಡಳು. "ಬದುಕ್ತಾರಾ?" ಎಂದಳು.

"ಬದುಕ್ತಾರೆ. ಮಾತಾಡ್ತಾನೇ ಇದ್ರು, ಪಾಪ. ಅವರೂ ನಿಮ್ಮ ಮೈದಾನಕ್ಕೇ ಬರ್ತಿದ್ದಿದ್ದಂತೆ. ಹೋಗೋವಾಗ ನನ್ನ ತೋಳು ಹಿಡ್ಕೊಂಡು ಒಂದೇ ಮಾತು ಹೇಳಿದ್ರು: 'ನಾನು ಬರೋ ತನಕ ಆಟ ಶುರು ಮಾಡ್ಬೇಡ ಅಂತ ನನ್ನ ಗಂಡ, ಕೋಚ್ ಗ್ಯಾರೆಟ್‌ಗೆ ಹೇಳಿ.'"