ಕನ್ನಡಕವಿಲ್ಲದ ಮುಖ

"ಕನ್ನಡಕ ತೆಗಿ," ಎಂದರು ಬಸವಲಿಂಗಯ್ಯ.

ಗಂಡನ ಪಕ್ಕ ಕೂತಿದ್ದ ಜಗದಾಂಬ ಅವನ ಮುಖಕ್ಕೆ ಆಗಷ್ಟೇ ಕನ್ನಡಕ ಹಾಕಿದ್ದಳು. "ಇರಲಿ ಮಾವ. ಇದಿಲ್ಲದೆ ಇವರು ಇವರ ಹಾಗೇ ಕಾಣೋದಿಲ್ಲ."

"ಫೋಟೋ ಅಂದ್ರೆ ಮನೆತನ ಕಾಣ್ಬೇಕು ಕಣಮ್ಮ. ಪೇಟ, ಶಾಲು, ಹಣೆ ತುಂಬ ವಿಭೂತಿ. ಗಾಜಿನ ಹಿಂದೆ ಅವಿತ್ಕೊಂಡ್ರೆ ಯಾರು ಅಂತ ತಿಳೀತದೆ?"

ಅವರೇ ಕನ್ನಡಕ ತೆಗೆದು ಸೊಸೆಯ ಮಡಿಲಿಗೆ ಹಾಕಿದರು. ಹೈಸ್ಕೂಲು ಮೇಷ್ಟ್ರು ಶಂಕರಲಿಂಗಪ್ಪ ತಂದೆಗೆ ಎದುರಾಡಲಿಲ್ಲ.

ಮಧುಗಿರಿಯ ಆ ಮನೆಯ ಅಂಗಳದಲ್ಲಿ ಬೆಳಗಿನಿಂದ ಜನ. ಶಿರಾದಿಂದ ಕರೆಸಿದ ಫೋಟೋಗ್ರಾಫರ್ ನಸ್ರುಲ್ಲಾ ಕರಿಬಟ್ಟೆಯೊಳಗೆ ತಲೆ ತೂರಿಸಿ, ತೆಗೆದು, ಮತ್ತೆ ತೂರಿಸಿ ಬೇಸತ್ತಿದ್ದ.

"ಜರಾ ಪಕ್ಕಕ್ಕೆ ತಿರುಗಿಸ್ಲಾ ಸ್ವಾಮಿ? ಒಂದು ಕೆನ್ನೆ ಮೇಲೆ ನೆರಳು ಬೀಳ್ಬೇಕು. ಆಗ ಮುಖ ಎದ್ದು ಕಾಣ್ತದೆ."

"ನೆರಳಾ?" ಎಂದರು ಅತ್ತೆ ಚನ್ನಮಲ್ಲಮ್ಮ. "ನನ್ ಮಗ ಬೆಳ್ಳಗವ್ನೆ. ಬೆಳ್ಳಗೇ ಬರ್ಬೇಕು."

"ನೀನ್ ಸುಮ್ಕಿರು," ಬಸವಲಿಂಗಯ್ಯ ಹೆಂಡತಿಯನ್ನು ಗದರಿದರು. "ನೆಟ್ಟಗೆ ಕೂತಿರೋದೇ ಫೋಟೋ."

"ನಿಮ್ ಫೋಟೋ ನಾನ್ ನೋಡಿಲ್ವಾ? ಪೋಲೀಸ್ನೋರು ಹಿಡ್ಕಂಡ್ ಬಂದಂಗೆ ಕೂತಿದ್ರಿ!"

ಯಾರೂ ನಗಲಿಲ್ಲ.

ಜಗದಾಂಬ ಹಲ್ಲು ಕಚ್ಚಿದಳು. ಮೂವರಿಗೂ ಮೂರು ಮುಖ ಬೇಕಿತ್ತು. ಅವಳಿಗೆ ಬೇಕಾದದ್ದು, ಅವಳು ಕಾಫಿ ತಂದಿಟ್ಟಾಗ ಪತ್ರಿಕೆಯಿಂದ ಮೇಲೇಳುತ್ತಿದ್ದ ಮುಖ. ಕನ್ನಡಕವಿಲ್ಲದೆ ಅವನನ್ನು ಅವಳು ಕಂಡದ್ದು ನಿದ್ದೆಯಲ್ಲಿ ಮಾತ್ರ. ಮನೆಯಲ್ಲಿ ಅವನ ಒಂದು ಫೋಟೋ ಕೂಡ ಇರಲಿಲ್ಲ. ಇದೇ ಮೊದಲನೆಯದು.

ಮತ್ತೆ ಕನ್ನಡಕ ಎತ್ತಿಕೊಂಡಳು. ಅತ್ತೆ ಮಣಿಕಟ್ಟು ಹಿಡಿದರು.

"ಕೈ ಮಡಿಲಲ್ಲಿಡವ್ವ, ಬಳೆ ಕಾಣ್ಲಿ. ಕೈತುಂಬ ಬಳೆ ತೊಟ್ಟಿರೋ ಫೋಟೋ ಒಂದಾದ್ರೂ ಇರ್ಲಿ ನಿಂದು."

"ನೀವಾದರೂ ಹೇಳಿ," ಎಂದಳು ನಸ್ರುಲ್ಲಾನಿಗೆ.

"ಗಾಜು ಹೊಳೀತದೆ ತಾಯಿ. ಫೋಟೋ ಅಂದ್ರೆ ಕಣ್ಣು. ಕಣ್ಣಲ್ಲಿ..." ಅವನು ಮಾತು ನುಂಗಿದ. "ಕಣ್ಣು ನಾನು ಆಮೇಲೆ ತಿದ್ದಿ ಕೊಡ್ತೀನಿ."

"ಬೇಗ ತೆಗಿಯಪ್ಪ," ಎಂದರು ಬಸವಲಿಂಗಯ್ಯ. "ಹೊತ್ತು ಮುಳುಗ್ತದೆ. ಜನ ಕಾಯ್ತವ್ರೆ."

"ಅಲುಗಬೇಡಿ!" ನಸ್ರುಲ್ಲಾ ಲೆನ್ಸಿನ ಮುಚ್ಚಳ ತೆಗೆದು ಮುಚ್ಚಿದ. ಕರಿಬಟ್ಟೆ ಸರಿಸಿ ತಲೆಯಾಡಿಸಿದ. "ಮೇಷ್ಟ್ರು ಸರಿಯಾಗೇ ಕೂತವ್ರೆ. ಅಲುಗಿದ್ದು ನೀವು ತಾಯಿ."

"ಹಾಗಾದರೆ ಇನ್ನೊಂದು ತೆಗೀರಿ. ಕನ್ನಡಕ ಹಾಕಿ. ಅದು ನನಗೆ." ಅವಳು ಕನ್ನಡಕವನ್ನು ಮಾವನ ಕಡೆ ಚಾಚಿದಳು. "ಇದೊಂದನ್ನಾದರೂ ನಾನು ಹೇಳಿದ ಹಾಗೆ ಮಾಡಿ."

"ಇನ್ನೊಂದು ಫೋಟೋಗೆ ಪ್ಲೇಟ್ ಐತೆ ಸ್ವಾಮಿ," ಎಂದ ನಸ್ರುಲ್ಲಾ ಮೆಲ್ಲಗೆ.

ಬಸವಲಿಂಗಯ್ಯ ಪಡುವಣದ ಬಿಸಿಲು ನೋಡಿದರು.

"ಇನ್ನ ಆಗಾಕಿಲ್ಲ ಕಣಮ್ಮ."

ನಾಲ್ವರು ಬಂದು, ಶಂಕರಲಿಂಗಪ್ಪನನ್ನು ಕೂರಿಸಿದ್ದ ಹಾಗೆಯೇ ಎತ್ತಿಕೊಂಡು, ಹೊಲದಲ್ಲಿ ತೋಡಿಟ್ಟಿದ್ದ ಸಮಾಧಿಯ ಕಡೆ ಹೊರಟರು.