ಕಬ್ಬಿಣದ ಸಜ್ಜೆ

ಕಬ್ಬಿಣದಂಶ ಹೆಚ್ಚಿರುವ ಹೊಸ ತಳಿಯ ಸಜ್ಜೆ ತಿಂದರೆ ಹೆಣ್ಣುಮಕ್ಕಳ ರಕ್ತಹೀನತೆ ಹೋಗುತ್ತದೆಂದು ಸಾಬೀತು ಮಾಡಲು ವಿಜ್ಞಾನಿ ವತ್ಸಲಾ ಆ ಊರಿಗೆ ಬಂದು ಕೂತಿದ್ದಳು. ಮನೆಮನೆಗೂ ಆ ಸಜ್ಜೆಯ ಹಿಟ್ಟು ಹಂಚಿದ್ದಳು. ಆಕೆಯ ಊಟವೂ ಸರದಿಯ ಮೇಲೆ ಅವೇ ಮನೆಗಳಲ್ಲಿ. ಬೇಡವೆಂದರೂ ಯಾರೂ ಬಿಡುತ್ತಿರಲಿಲ್ಲ.

ಬೇಸಿಗೆ ಹೊತ್ತಿಗೆ ಎಲ್ಲರ ರಕ್ತ ಪರೀಕ್ಷಿಸಿದಳು. ಒಬ್ಬರಲ್ಲೂ ಕೂದಲೆಳೆಯಷ್ಟು ಸುಧಾರಣೆಯಿಲ್ಲ. ಯಂತ್ರವೇ ಕೆಟ್ಟಿರಬೇಕೆಂದು ತನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡಳು. ಊರಿಗೆ ಬಂದಾಗ ಅವರಷ್ಟೇ ಬಿಳಿಚಿಕೊಂಡಿದ್ದವಳಿಗೆ ಈಗ ಮೈತುಂಬ ರಕ್ತ! ಅಂದರೆ ಯಂತ್ರ ಸರಿಯಾಗಿಯೇ ಇದೆ. ಸಂಶಯವೇ ಇಲ್ಲ, ಈ ಹೆಂಗಸರೇ ಮೋಸ ಮಾಡಿದ್ದಾರೆ.

ಅಂದು ಊಟದ ಸರದಿ ಶಿವಗಂಗವ್ವನ ಮನೆಯದು. ಬಿಸಿ ಸಜ್ಜೆರೊಟ್ಟಿ ಮುರಿಯುತ್ತಲೇ ವತ್ಸಲಾ ಸಿಡುಕಿದಳು.

"ನಿಜ ಹೇಳಿ, ನಾನು ಕೊಟ್ಟ ಹಿಟ್ಟನ್ನ ದನಕ್ಕೆ ಹಾಕಿದ್ರಾ?"

"ಶಿವಶಿವಾ! ಒಂದ ಹಿಡಿ ಸುದ್ದಾ ಹಾಳ ಮಾಡಿಲ್ರಿ."

"ಮತ್ತೆ, ಮಾರಿಕೊಂಡ್ರಾ?"

ಶಿವಗಂಗವ್ವನ ಕಣ್ಣಲ್ಲಿ ನೀರೇ ಬಂತು. ಆದರೂ ಇನ್ನೊಂದು ರೊಟ್ಟಿ ಬಡಿಸುತ್ತಾ ಅಂದಳು:

"ಅಂಥಾ ಚಲೋ ಹಿಟ್ಟು ನಾವ ತಿಂದು ಮುಗಿಸಿದ್ರ, ದಿನಾ ನಿಮ್ಮ ತಾಟಿಗೆ ಏನ ಹಾಕಬೇಕಿತ್ರಿ ಅಕ್ಕಾರ?"