ತಕರಾರು ತೆಗೆಯದ ಭಾಷೆ

ಊರಿನ ಒಲೆ, ನಲ್ಲಿ, ಬಾಗಿಲುಗಳೆಲ್ಲ 'ಸರಳ' ಎಂಬ ಒಂದೇ ಕೋಡಿಂಗ್ ಭಾಷೆಯ ಮಾತು ಕೇಳುತ್ತಿದ್ದ ಕಾಲ. ಹುಬ್ಬಳ್ಳಿಯ ಅರ್ಧ ಜನಕ್ಕೆ ಅದನ್ನು ಕಲಿಸಿದವಳು ನೀಲಗಂಗಾ. ಎಷ್ಟೇ ತಪ್ಪು ಬರೆದರೂ ತಕರಾರು ತೆಗೆಯದೆ ಹೇಗೋ ಕೆಲಸ ಮುಗಿಸುತ್ತದೆಂದು ಅವಳಿಗೆ ಅದರ ಮೇಲೆ ಬಲು ಅಕ್ಕರೆ.

ಒಂದು ಬೆಳಿಗ್ಗೆ ಅವಳ ಅಪ್ಪ ಚನ್ನವೀರಪ್ಪ ಬಚ್ಚಲಿನಿಂದ ಚೀರಿದರು. ನಲ್ಲಿಯಡಿ ಹಿಡಿದ ಕೈಮೇಲೆ ಕುದಿನೀರು ಬಿದ್ದು ಬೊಬ್ಬೆ ಎದ್ದಿತ್ತು.

ಮುಲಾಮು ಹಚ್ಚಿ, ನೀಲಗಂಗಾ ಬಾಯ್ಲರ್ ಬಿಚ್ಚಿ ನೋಡಿದಳು. ಬಿಸಿ ಅಳೆಯುವ ತಂತಿ ಕಡಿದುಹೋಗಿತ್ತು. ತಂತಿಯಿಂದ ಉತ್ತರ ಬಾರದಿದ್ದಾಗ 'ಸರಳ' ಅದನ್ನು ಸೊನ್ನೆ ಎಂದುಕೊಂಡು, ನೀರು ಮಂಜುಗಡ್ಡೆಯಷ್ಟು ತಣ್ಣಗಿದೆಯೆಂದು ಕಾಯಿಸುತ್ತಲೇ ಹೋಗಿತ್ತು. ಭಾಷೆ ಕೆಟ್ಟಿರಲಿಲ್ಲ; ಅದರ ಸ್ವಭಾವವೇ ಅದು. ಇದನ್ನೇ ಇಷ್ಟು ವರ್ಷ ಒಳ್ಳೆಯ ಗುಣವೆಂದು ಪಾಠ ಮಾಡಿದೆನಲ್ಲ ಎಂದು ಅವಳಿಗೆ ಸಂಕಟವಾಯಿತು.

ಅಂದು ಪಾಠ ಹೇಳಲು ಹೋಗದೆ, ತಪ್ಪು ಕಂಡರೆ ನಿಂತುಬಿಡುತ್ತದೆಂದು ಜನ ಮರೆತಿದ್ದ ಹಳೆಯ ಭಾಷೆಯೊಂದರಲ್ಲಿ ಬಾಯ್ಲರಿಗೆ ಹೊಸದಾಗಿ ಕೋಡ್ ಬರೆದಳು. ಮರುದಿನ ಅಪ್ಪ ಗುಂಡಿ ಒತ್ತಿದರು.

"ನೀರು ಎಷ್ಟು ಬಿಸಿಯಿದೆಯೋ ಗೊತ್ತಿಲ್ಲ. ಕಾಯಿಸುವುದಿಲ್ಲ," ಎಂದಿತು ಬಾಯ್ಲರ್.

"ಹೊಸ ತಂತಿ ಹಾಕೂತನಕ ತಡೀರಿ, ಅಪ್ಪಾ," ಎಂದಳು ನೀಲಗಂಗಾ.

"ಇರಲಿ ಬಿಡವಾ. ಗೊತ್ತಿಲ್ಲಂತ ಖರೇನರ ಹೇಳತೈತಲ್ಲ," ಎನ್ನುತ್ತ ಚನ್ನವೀರಪ್ಪ ತಣ್ಣೀರಿನ ಸ್ನಾನಕ್ಕೇ ಕೂತರು.